ಲೋಧಿ ಗಾರ್ಡನ್ ನೋಡುವುದು ಹೇಗೆ? ತುಮಕೂರಿನಿಂದ ದೆಹಲಿಗೆ ಹೋಗುವವರಿಗೆ

ಕಾಶಿ, ಹರಿದ್ವಾರ ಮುಗಿಸಿಕೊಂಡು ದೆಹಲಿಗೆ ಬರುವ ನಮ್ಮ ತುಮಕೂರಿನ ಯಾತ್ರಿಗಳು, ಮಗನ ಇಂಟರ್‌ವ್ಯೂಗೆ ಜೊತೆಗೆ ಹೋಗುವ ಅಪ್ಪ ಅಮ್ಮಂದಿರು, ಕೆಲಸದ ಮೇಲೆ ಹೋಗಿ ಅರ್ಧ ದಿನ ಬಿಡುವು ಸಿಕ್ಕವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಲೋಧಿ ಗಾರ್ಡನ್ ಅಂದರೆ ಸ್ಮಶಾನ ಅಲ್ವಾ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?" "ಟಿಕೆಟ್ ಎಷ್ಟು?" "ಯಾವ ಕಡೆಯಿಂದ ಶುರು ಮಾಡಬೇಕು?" ಹೋಗಿ ಬಂದವರು ಹೇಳುವುದೂ ಒಂದೇ: "ಹಸಿರು ಚೆನ್ನಾಗಿದೆ, ಆದರೆ ಎಲ್ಲ ಗುಮ್ಮಟಗಳೂ ಒಂದೇ ಥರ ಕಾಣುತ್ತವೆ."

ಒಂದೇ ಥರ ಇಲ್ಲ. ಸರಿಯಾದ ಕಡೆಯಿಂದ ಶುರು ಮಾಡಿದರೆ ಇದು ನಿಮಗೇ ಗೊತ್ತಾಗುತ್ತದೆ. ಆ ದಾರಿ ಹೇಳಲಿಕ್ಕೇ ಈ ಲೇಖನ.

ಮೊದಲು ಮೂರು ಪ್ರಶ್ನೆಗೂ ನೇರ ಉತ್ತರ. ಇದು ಸಾರ್ವಜನಿಕ ಉದ್ಯಾನ, ಸುಮಾರು 90 ಎಕರೆ. ಒಳಗೆ 15 ಮತ್ತು 16ನೇ ಶತಮಾನದ ಗೋರಿ ಕಟ್ಟಡಗಳಿವೆ. ಬೆಳಗ್ಗೆ ವಾಕಿಂಗ್ ಬರುವವರು, ಯೋಗ ಮಾಡುವವರು, ಬುತ್ತಿ ಕಟ್ಟಿಕೊಂಡು ಬರುವ ಕುಟುಂಬಗಳು, ಎಲ್ಲರೂ ಇರುತ್ತಾರೆ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಟಿಕೆಟ್ ಇಲ್ಲ. ಶುರು ಮಾಡಬೇಕಾದದ್ದು ದಕ್ಷಿಣದಿಂದ, ಅಂದರೆ ಲೋಧಿ ರೋಡ್ ಕಡೆಯ ಗೇಟಿನಿಂದ.

ಏಕೆ ದಕ್ಷಿಣ? ಅಲ್ಲಿಂದ ಉತ್ತರಕ್ಕೆ ನಡೆಯುತ್ತಾ ಹೋದರೆ ಕಟ್ಟಡಗಳು ಹೆಚ್ಚುಕಡಿಮೆ ವಯಸ್ಸಿನ ಪ್ರಕಾರವೇ ಎದುರಾಗುತ್ತವೆ. ಮೊದಲು 1444ರ ಸುಮಾರಿನದು, ಆಮೇಲೆ 1494ರದು, ಆಮೇಲೆ 1517ರ ಹೊತ್ತಿನದು, ಕೊನೆಗೆ ಅಕ್ಬರನ ಕಾಲದ ಸೇತುವೆ. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಕಟ್ಟುವ ರೀತಿ ಹೇಗೆ ಬದಲಾಯಿತು ಅನ್ನುವುದನ್ನು ನಡೆಯುತ್ತಲೇ ನೋಡಬಹುದು. ಬೇರೆ ಗೇಟಿನಿಂದ ನುಗ್ಗಿದರೆ ಈ ವರಸೆ ಕಲಸಿಹೋಗುತ್ತದೆ.

1. ಹೊರಡುವ ಮೊದಲು

ಸಾಧ್ಯವಾದರೆ ದೆಹಲಿಗೆ ಹೋಗುವ ಮೊದಲು ಒಂದು ಭಾನುವಾರ ಶಿರಾಕ್ಕೆ ಹೋಗಿ ಬನ್ನಿ. ತುಮಕೂರಿನಿಂದ ಸುಮಾರು 50 ಕಿಲೋಮೀಟರ್, ಹೆದ್ದಾರಿಯಲ್ಲೇ ಇದೆ. ಅಲ್ಲಿ 17ನೇ ಶತಮಾನದಲ್ಲಿ ವಿಜಯಪುರದ ಆದಿಲ್‌ಶಾಹಿಗಳ ಪರವಾಗಿ ಆಡಳಿತ ನಡೆಸಿದ ಮಲಿಕ್ ರೆಹಾನನ ಗುಮ್ಮಟ ಇದೆ. ಮೊಗಲರ ಕಾಲದಲ್ಲಿ, 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿ ಇದೆ. ಗುಮ್ಮಟ ಎಂದರೇನು, ಕಮಾನು ಎಲ್ಲಿ ಕೂರುತ್ತದೆ, ಗೋರಿ ಯಾವ ದಿಕ್ಕಿಗಿರುತ್ತದೆ ಅನ್ನುವುದು ಅಲ್ಲೇ ಕಣ್ಣಿಗೆ ರೂಢಿಯಾಗುತ್ತದೆ. ನಮ್ಮ ಜಿಲ್ಲೆಯಲ್ಲೇ ಇರುವುದನ್ನು ನೋಡದೆ ದೆಹಲಿಗೆ ಹೋಗುವುದು ನನಗಂತೂ ಬೇಸರದ ವಿಷಯ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಶಿರಾದ ದರ್ಗಾಕ್ಕೆ ಜನ ಇವತ್ತಿಗೂ ಹರಕೆ ಹೊತ್ತು ಬರುತ್ತಾರೆ. ಅಲ್ಲಿ ಚಪ್ಪಲಿ ಬಿಟ್ಟು, ತಲೆ ಮುಚ್ಚಿಕೊಂಡು ಒಳಗೆ ಹೋಗಬೇಕು. ಲೋಧಿ ಗಾರ್ಡನ್‌ನ ಕಟ್ಟಡಗಳಲ್ಲಿ ಹಾಗೆ ಪೂಜೆ, ಪ್ರಾರ್ಥನೆ ನಡೆಯುವುದಿಲ್ಲ. ಅವು ಪುರಾತತ್ವ ಇಲಾಖೆ ಕಾಪಾಡುತ್ತಿರುವ ಸ್ಮಾರಕಗಳು.

ಯಾವ ತಿಂಗಳು ಹೋಗಬೇಕು? ಫೆಬ್ರವರಿ ಮತ್ತು ಮಾರ್ಚ್ ಎಲ್ಲಕ್ಕಿಂತ ಚೆನ್ನ. ಹೂವು ಬಿಟ್ಟಿರುತ್ತದೆ, ಬಿಸಿಲು ಹಿತ. ಮೇ, ಜೂನ್‌ನಲ್ಲಿ ದೆಹಲಿ 40 ಡಿಗ್ರಿ ದಾಟುತ್ತದೆ. ತುಮಕೂರಿನ ಬೇಸಿಗೆ ತಡೆದುಕೊಂಡವರಿಗೂ ಅದು ಕಷ್ಟವೇ. ನವೆಂಬರ್‌ನಿಂದ ಜನವರಿವರೆಗೆ ಹೊಗೆ, ಮಂಜು ಜಾಸ್ತಿ. ಉಬ್ಬಸ ಇರುವವರು, ವಯಸ್ಸಾದವರು ಆ ದಿನಗಳಲ್ಲಿ ಬೆಳಗಿನ ಜಾವ ಹೋಗದೆ, ಬಿಸಿಲು ಏರಿದ ಮೇಲೆ ಹೋಗುವುದು ಒಳ್ಳೆಯದು.

ಯಾವ ವಾರ? ಸೋಮವಾರ. ಕೆಂಪುಕೋಟೆ ಅವತ್ತು ಮುಚ್ಚಿರುತ್ತದೆ, ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಮುಚ್ಚಿರುತ್ತದೆ. ಟೂರ್ ಹೋದವರು ಅವತ್ತು ಏನು ಮಾಡುವುದೆಂದು ಲಾಡ್ಜಿನಲ್ಲೇ ಕೂತಿರುತ್ತಾರೆ. ಈ ಉದ್ಯಾನ ಅವತ್ತೂ ತೆರೆದಿರುತ್ತದೆ. ಚಳಿಗಾಲದ ಭಾನುವಾರ ಮಾತ್ರ ಬೇಡ. ಹುಲ್ಲಿನ ಮೇಲೆ ಕಾಲಿಡಲೂ ಜಾಗ ಇರುವುದಿಲ್ಲ.

ಕೈಯಲ್ಲಿ ಇರಬೇಕಾದವು: ನೀರಿನ ಬಾಟಲಿ, ಟೋಪಿ ಇಲ್ಲವೇ ಟವೆಲ್, ನಡೆಯಲು ಒಗ್ಗಿದ ಚಪ್ಪಲಿ ಅಥವಾ ಶೂ, ಒಂದು ಸಣ್ಣ ಟಾರ್ಚ್. ಟಾರ್ಚ್ ಏಕೆಂದರೆ ಗುಮ್ಮಟಗಳ ಒಳಗೆ ಕತ್ತಲೆ ಇರುತ್ತದೆ. ಮೊಬೈಲಿನ ಬೆಳಕೂ ಸಾಕು, ಆದರೆ ಚಾರ್ಜ್ ನೋಡಿಕೊಳ್ಳಿ. ಕನಿಷ್ಠ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಮುಗಿಸುತ್ತೇವೆ ಅನ್ನುವವರು ಇಂಡಿಯಾ ಗೇಟ್‌ಗೆ ಹೋಗುವುದೇ ವಾಸಿ.

2. ತಲುಪುವುದು

ತುಮಕೂರಿನ ಮೇಲೆ ಹೋಗುವ ಸಂಪರ್ಕ ಕ್ರಾಂತಿ ರೈಲು ಹಜರತ್ ನಿಜಾಮುದ್ದೀನ್ ಸ್ಟೇಷನ್‌ಗೆ ಹೋಗಿ ನಿಲ್ಲುತ್ತದೆ. ಆ ಸ್ಟೇಷನ್‌ನಿಂದ ಉದ್ಯಾನ ದೂರವಿಲ್ಲ, ಆಟೋ ಸಾಕು. ನ್ಯೂ ಡೆಲ್ಲಿ ಸ್ಟೇಷನ್ ಕಡೆ ಉಳಿದುಕೊಂಡವರು ಮೆಟ್ರೋದ ಹಳದಿ ಲೈನ್ ಹಿಡಿದು ಜೋರ್ ಬಾಗ್‌ನಲ್ಲಿ ಇಳಿಯಿರಿ. ಎಲ್ಲೂ ರೈಲು ಬದಲಿಸಬೇಕಿಲ್ಲ.

ಎಚ್ಚರ ಬೇಕಾದದ್ದು ಇಲ್ಲೇ. ಜೋರ್ ಬಾಗ್‌ನಿಂದ ಹೊರಬಂದ ಕೂಡಲೇ ಹತ್ತಿರದಲ್ಲೇ ಒಂದು ದೊಡ್ಡ ಗುಮ್ಮಟ ಸಿಗುತ್ತದೆ. ಅದು ಸಫ್ದರ್‌ಜಂಗ್ ಗೋರಿ, 1754ರದು. ಅದಕ್ಕೆ ಟಿಕೆಟ್ ಇದೆ. ಎಷ್ಟೋ ಜನ ಇದೇ ಲೋಧಿ ಗಾರ್ಡನ್ ಅಂದುಕೊಂಡು ಟಿಕೆಟ್ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಅದೂ ನೋಡಬೇಕಾದ ಜಾಗವೇ, ಆದರೆ ಬೇರೆ. ನೀವು ಲೋಧಿ ರೋಡ್ ಹಿಡಿದು ಪೂರ್ವಕ್ಕೆ ಹದಿನೈದು ನಿಮಿಷ ನಡೆಯಬೇಕು. ಎಡಗಡೆ ಉದ್ಯಾನ ಸಿಗುತ್ತದೆ.

ಆಟೋದವರಿಗೆ ಬರೀ "ಲೋಧಿ" ಅನ್ನಬೇಡಿ. ಲೋಧಿ ಕಾಲೊನಿ ಬೇರೆ, ಲೋಧಿ ಎಸ್ಟೇಟ್ ಬೇರೆ. ಮೊದಲ ಸಲ ನಾನು ಹಾಗೆ ಹೇಳಿ ಲೋಧಿ ಕಾಲೊನಿಯಲ್ಲಿ ಇಳಿದು ಬಿಸಿಲಲ್ಲಿ ಸುತ್ತಿದ್ದೇನೆ. "ಲೋಧಿ ಗಾರ್ಡನ್, ಲೋಧಿ ರೋಡ್ ವಾಲಾ ಗೇಟ್" ಅಂತ ಪೂರ್ತಿ ಹೇಳಿ. ಅಂದಹಾಗೆ, ದೆಹಲಿ ಕನ್ನಡ ಶಾಲೆ ಇರುವುದು ಈ ಲೋಧಿ ಎಸ್ಟೇಟಿನಲ್ಲೇ. ಆ ದಾರಿಯಲ್ಲಿ ಹೋಗುವಾಗ ಕನ್ನಡದ ಬೋರ್ಡ್ ಕಂಡರೆ ಮನಸ್ಸಿಗೆ ಎಷ್ಟು ಹಿತ ಅಂತ ಹೋದವರಿಗೇ ಗೊತ್ತು.

3. ಒಳಗೆ ಹೋಗುವ ಮುನ್ನ ಈ ಪದಗಳು ಗೊತ್ತಿರಲಿ

ಬೋರ್ಡುಗಳು ಹಿಂದಿ, ಇಂಗ್ಲಿಷ್‌ನಲ್ಲಿವೆ. ಕೆಲವು ಪದ ಗೊತ್ತಿದ್ದರೆ ಬೋರ್ಡಿನ ಹಂಗಿಲ್ಲದೆ ನೋಡಬಹುದು.

ಗುಂಬದ್ ಅಂದರೆ ನಮ್ಮ ಗುಮ್ಮಟ. ಛತ್ರಿ ಅಂದರೆ ಕಂಬಗಳ ಮೇಲೆ ನಿಂತ ಪುಟ್ಟ ಗುಮ್ಮಟದ ಮಂಟಪ. ಛಜ್ಜಾ ಅಂದರೆ ಮಳೆ, ಬಿಸಿಲು ಗೋಡೆಗೆ ಬಡಿಯದಂತೆ ಹೊರಗೆ ಚಾಚಿದ ಕಲ್ಲು. ನಮ್ಮ ಗಾರೆ ಕೆಲಸದವರು ಇದನ್ನೇ ಸಜ್ಜಾ ಅನ್ನುತ್ತಾರೆ. ಮಿಹ್ರಾಬ್ ಅಂದರೆ ಪಶ್ಚಿಮದ ಗೋಡೆಯಲ್ಲಿರುವ ಕಮಾನಿನ ಗೂಡು. ಮೆಕ್ಕಾ ನಮ್ಮ ದೇಶಕ್ಕೆ ಪಶ್ಚಿಮದಲ್ಲಿದೆ, ಪ್ರಾರ್ಥನೆಗೆ ಆ ಕಡೆ ಮುಖ ಮಾಡುತ್ತಾರೆ. ಗೋರಿಗಳು ಉತ್ತರ ದಕ್ಷಿಣವಾಗಿ ಉದ್ದಕ್ಕಿರುತ್ತವೆ. ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ. ಇದು ಗೊತ್ತಿದ್ದರೆ ಒಳಗೆ ದಿಕ್ಕು ತಪ್ಪುವುದೇ ಇಲ್ಲ. ಗೋರಿ ನೋಡಿದರೆ ಸಾಕು, ಉತ್ತರ ಎಲ್ಲಿದೆ ಅಂತ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಗುರುತು ಒಂದಿದೆ. ಆ ಕಾಲದ ದೆಹಲಿಯಲ್ಲಿ ಎಂಟು ಮೂಲೆಯ ಗೋರಿಗಳು ಸಾಮಾನ್ಯವಾಗಿ ಸುಲ್ತಾನರವು. ಚೌಕದವು ದೊಡ್ಡ ಸರದಾರರವು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ. ದೂರದಿಂದಲೇ ಮೂಲೆ ಎಣಿಸಿ "ಇದು ರಾಜನದು, ಇದು ಅಲ್ಲ" ಅಂತ ಅವರೇ ಕೂಗುತ್ತಾರೆ.

4. ಮೊದಲ ನಿಲ್ದಾಣ: ಮುಹಮ್ಮದ್ ಷಾ ಸಯ್ಯದ್ ಗೋರಿ

ಲೋಧಿ ರೋಡ್ ಗೇಟಿನಿಂದ ಒಳಗೆ ಬಂದರೆ ಸ್ವಲ್ಪ ದೂರದಲ್ಲೇ ದಿಬ್ಬದ ಮೇಲೆ ಕಾಣುತ್ತದೆ. ಹೆಸರು ಲೋಧಿ ಗಾರ್ಡನ್ ಆದರೂ ಇದು ಲೋಧಿ ಅರಸನದ್ದಲ್ಲ. ಲೋಧಿಗಳಿಗಿಂತ ಮೊದಲು, 1414ರಿಂದ 1451ರವರೆಗೆ ದೆಹಲಿ ಆಳಿದ ಸಯ್ಯದ್ ವಂಶದ ಮೂರನೆಯ ಸುಲ್ತಾನನದು. ಕಟ್ಟಿದ್ದು 1444ರ ಸುಮಾರಿಗೆ. ಆ ಹೊತ್ತಿನಲ್ಲಿ ನಮ್ಮ ಕಡೆ ವಿಜಯನಗರವನ್ನು ಪ್ರೌಢದೇವರಾಯ ಆಳುತ್ತಿದ್ದ. ಹೀಗೆ ಜೋಡಿಸಿಕೊಂಡರೆ ಇಸವಿ ತಲೆಯಲ್ಲಿ ನಿಲ್ಲುತ್ತದೆ.

ಸುಮಾರು ಮುನ್ನೂರು ವರ್ಷ ಆಮೇಲೆ ಬಂದ ಮೊಗಲರ ಮುಹಮ್ಮದ್ ಷಾ ಬೇರೆ. ಹೆಸರು ಒಂದೇ ಅಂತ ಅವನ ಕಥೆ ಇಲ್ಲಿ ಹೇಳುವವರಿದ್ದಾರೆ, ನಂಬಬೇಡಿ.

ಒಮ್ಮೆ ಪೂರ್ತಿ ಸುತ್ತು ಹಾಕಿ. ಎಂಟು ಮೂಲೆ. ಸುತ್ತ ಪಡಸಾಲೆ. ಪಡಸಾಲೆಯ ಪ್ರತಿ ಬದಿಗೂ ಮೂರು ಕಮಾನು. ಮೂಲೆಗಳಲ್ಲಿ ಓರೆಯಾಗಿ ಒತ್ತುಕೊಟ್ಟು ನಿಂತ ದಪ್ಪ ಕಂಬಗಳು. ಮೇಲೆ ನೋಡಿ, ನಡುವಿನ ಗುಮ್ಮಟದ ಸುತ್ತ ಎಂಟು ಛತ್ರಿಗಳು. ಗುಮ್ಮಟದ ನೆತ್ತಿಯ ಮೇಲೆ ಕಮಲ. ಸಜ್ಜಾ, ಛತ್ರಿ, ಕಮಲ, ಇವೆಲ್ಲ ಈ ನೆಲದ ಶಿಲ್ಪಿಗಳ ಕೈಗೆ ಮೊದಲಿಂದ ಒಗ್ಗಿದ್ದವು. ಕಮಾನು, ಗುಮ್ಮಟದ ಜೊತೆ ಅವು ಹೇಗೆ ಕೂಡಿಕೊಂಡಿವೆ ನೋಡಿ. ನನಗೆ ಇಡೀ ಉದ್ಯಾನದಲ್ಲಿ ಜಾಸ್ತಿ ಇಷ್ಟವಾದದ್ದು ಇದೇ. ಗಾತ್ರದಲ್ಲಿ ದೊಡ್ಡದಲ್ಲ, ಆದರೆ ಅಳತೆ ಎಷ್ಟು ಹದವಾಗಿದೆ ಅಂದರೆ ಎಲ್ಲಿ ನಿಂತು ನೋಡಿದರೂ ಕಣ್ಣಿಗೆ ತೃಪ್ತಿ.

ಒಳಗೆ ಹಲವು ಗೋರಿಗಳಿವೆ. ನಡುವಿನದು ಸುಲ್ತಾನನದು ಎನ್ನುತ್ತಾರೆ. ಅವುಗಳ ಮೇಲೆ ಕೂರಬೇಡಿ, ಬ್ಯಾಗ್ ಇಡಬೇಡಿ. ಪೂಜೆ ಇಲ್ಲ ಅಂದ ಮಾತ್ರಕ್ಕೆ ಮರ್ಯಾದೆ ಬೇಡ ಅಂತಲ್ಲ. ನಮ್ಮ ಹಿರಿಯರ ಸಮಾಧಿ ಮೇಲೆ ಯಾರಾದರೂ ಕೂತು ಕಡಲೆಕಾಯಿ ತಿಂದರೆ ನಮಗೆ ಹೇಗಾಗುತ್ತದೆ?

5. ಎರಡನೆಯದು: ಬಡಾ ಗುಂಬದ್ ಮತ್ತು ಅದರ ಮಸೀದಿ

ಅಲ್ಲಿಂದ ಉತ್ತರಕ್ಕೆ ನಡೆದರೆ ಐದು ನಿಮಿಷದಲ್ಲಿ ದೊಡ್ಡ ಚೌಕದ ಕಟ್ಟಡ. ಬಡಾ ಗುಂಬದ್ ಅಂದರೆ ದೊಡ್ಡ ಗುಮ್ಮಟ, ಅಷ್ಟೇ. ಹೊರಗಿನ ಗೂಡುಗಳ ಸಾಲು ನೋಡಿದರೆ ಎರಡು ಮೂರು ಅಂತಸ್ತು ಇದ್ದಂತೆ ಕಾಣುತ್ತದೆ. ಒಳಗೆ ಹೋಗಿ ತಲೆ ಎತ್ತಿ. ಒಂದೇ ಹಜಾರ, ನೆಲದಿಂದ ಗುಮ್ಮಟದವರೆಗೆ ಬಯಲು. ಚೌಕದ ಗೋಡೆಯ ಮೇಲೆ ದುಂಡು ಗುಮ್ಮಟ ಕೂರಿಸಿದ್ದು ಹೇಗೆ ಅಂತ ನಾಲ್ಕು ಮೂಲೆಗಳನ್ನು ಗಮನಿಸಿ. ಮೂಲೆಗೆ ಅಡ್ಡಲಾಗಿ ಕಮಾನು ಹಾಕಿ ನಾಲ್ಕನ್ನು ಎಂಟು ಮಾಡಿದ್ದಾರೆ, ಎಂಟನ್ನು ಹದಿನಾರು ಮಾಡಿದ್ದಾರೆ, ಅದರ ಮೇಲೆ ದುಂಡು ಕೂತಿದೆ. ಇಲ್ಲಿ ಐದು ನಿಮಿಷ ನಿಲ್ಲಿ. ಟಾರ್ಚ್ ಬೇಕಾಗುವುದು ಇಲ್ಲಿಗೇ.

ಒಳಗೆ ಗೋರಿ ಹುಡುಕಬೇಡಿ, ಇಲ್ಲ. ಇದು ಗೋರಿಯೋ, ಪಕ್ಕದ ಮಸೀದಿಗೆ ಹೆಬ್ಬಾಗಿಲೋ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.

ಬಹಳ ಜನ ಗುಮ್ಮಟದ ಮುಂದೆ ಫೋಟೊ ತೆಗೆದುಕೊಂಡು ವಾಪಸ್ ಹೊರಡುತ್ತಾರೆ. ಪಕ್ಕದ ಮಸೀದಿಯನ್ನು ತಪ್ಪಿಸಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ! ಪಶ್ಚಿಮಕ್ಕೆ ಐದು ಕಮಾನುಗಳ ಮಸೀದಿ ಇದೆ, 1494ರದು. ಗೋಡೆ, ಕಮಾನುಗಳ ಮೇಲೆಲ್ಲ ಸುಣ್ಣದ ಗಾರೆಯಲ್ಲಿ ಬಳ್ಳಿ, ಹೂವು, ಕುರಾನಿನ ವಾಕ್ಯಗಳನ್ನು ಕಡೆದಿದ್ದಾರೆ. ಐನೂರು ವರ್ಷ ದಾಟಿದ ಗಾರೆ ಇನ್ನೂ ಅಷ್ಟು ಚೂಪಾಗಿ ನಿಂತಿದೆ. ಗಾರೆ ಕೆಲಸ ಬಲ್ಲವರು ಮನೆಯಲ್ಲಿ ಇದ್ದರೆ ಅವರನ್ನು ಇಲ್ಲಿಗೆ ಕರೆದುಕೊಂಡು ಬನ್ನಿ, ನಮಗಿಂತ ಚೆನ್ನಾಗಿ ಅವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮುಟ್ಟಲು ಮಾತ್ರ ಹೋಗಬೇಡಿ. ಕೈಯ ಬೆವರಿನಿಂದಲೇ ಗಾರೆ ಸವೆಯುತ್ತದೆ. ಮಸೀದಿಯ ಎದುರಿಗೆ ಪೂರ್ವಕ್ಕೆ ಇರುವ ಉದ್ದನೆಯ ಕಟ್ಟಡವನ್ನು ಮೆಹಮಾನ್ ಖಾನಾ, ಅಂದರೆ ಅತಿಥಿಗಳ ಮನೆ ಅನ್ನುತ್ತಾರೆ.

6. ಶೀಶ್ ಗುಂಬದ್

ಎದುರಿಗೇ ಇದೆ. ಇದೂ ಚೌಕ. ಶೀಶ್ ಅಂದರೆ ಗಾಜು. ಹೊರಗೋಡೆಗೆ ನೀಲಿ ಬಣ್ಣದ ಹೊಳೆಯುವ ಹೆಂಚಿನ ಬಿಲ್ಲೆಗಳನ್ನು ಹೊದಿಸಿದ್ದರು. ಈಗ ಮೇಲ್ಭಾಗದ ಪಟ್ಟಿಯಲ್ಲಿ ಅಲ್ಲಲ್ಲಿ ಉಳಿದಿವೆ. ಬಿಸಿಲು ಬಿದ್ದಾಗ ಹೊಳೆಯುವುದು ಈಗಲೂ ಕಾಣುತ್ತದೆ. ಒಳಗೆ ಹಲವು ಗೋರಿಗಳಿವೆ, ಯಾರವೆಂದು ಖಚಿತವಾಗಿಲ್ಲ. ಇಲ್ಲಿ ಹತ್ತು ನಿಮಿಷ ಸಾಕು.

7. ಸಿಕಂದರ್ ಲೋಧಿ ಗೋರಿ

ಇನ್ನೂ ಉತ್ತರಕ್ಕೆ ಹೋದರೆ ಕೋಟೆಯಂತೆ ಎತ್ತರದ ಗೋಡೆ ಅಡ್ಡ ಬರುತ್ತದೆ. ಗೋಡೆ ನೋಡಿ ಒಳಗೆ ಬಿಡುವುದಿಲ್ಲವೇನೋ ಅಂತ ಜನ ಪಕ್ಕದಲ್ಲೇ ಹಾದು ಹೋಗುತ್ತಾರೆ. ಬಾಗಿಲು ದಕ್ಷಿಣದ ಕಡೆ ಇದೆ, ಮುಂದಿನ ಜಗಲಿಯ ಮೇಲೆ ಎರಡು ಛತ್ರಿಗಳಿವೆ. ಅದೇ ಗುರುತು.

ಸಿಕಂದರ್ ಲೋಧಿ 1489ರಿಂದ 1517ರವರೆಗೆ ಆಳಿದವನು. ರಾಜಧಾನಿಯನ್ನು ಆಗ್ರಾಕ್ಕೆ ಕೊಂಡೊಯ್ದವನು ಇವನೇ. ಸತ್ತ ಮೇಲೆ ಮಗ ಇಬ್ರಾಹಿಂ ಇದನ್ನು ಕಟ್ಟಿಸಿದ. ಅದೇ ದಿನಗಳಲ್ಲಿ ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. 1515ರಲ್ಲಿ ಅವನು ಅಲ್ಲಿ ಕೃಷ್ಣ ದೇವಾಲಯ ಕಟ್ಟಿಸಿದ. ಹಂಪಿ ನೋಡಿದವರು ಎರಡನ್ನೂ ಮನಸ್ಸಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ.

ಈಗ ಮೊದಲು ನೋಡಿದ ಮುಹಮ್ಮದ್ ಷಾ ಗೋರಿಯನ್ನು ನೆನಪು ಮಾಡಿಕೊಳ್ಳಿ. ಇದೂ ಎಂಟು ಮೂಲೆ, ಇದಕ್ಕೂ ಸುತ್ತ ಪಡಸಾಲೆ, ಮೂರು ಮೂರು ಕಮಾನು. ಹಾಗಾದರೆ ಈ ಎಪ್ಪತ್ತು ವರ್ಷದಲ್ಲಿ ಬದಲಾದದ್ದೇನು? ಮೊದಲನೆಯದು, ಚಾವಣಿಯ ಮೇಲೆ ಎಂಟು ಛತ್ರಿಗಳಿಲ್ಲ. ಎರಡನೆಯದು, ಗುಮ್ಮಟ ಜೋಡಿ ಪದರದ್ದು. ಒಳಗೆ ಒಂದು ತಗ್ಗಿನ ಚಾವಣಿ, ಹೊರಗೆ ಎತ್ತರದ ಇನ್ನೊಂದು, ನಡುವೆ ಖಾಲಿ ಜಾಗ. ಒಳಗೆ ನಿಂತವರಿಗೆ ಅತಿ ಎತ್ತರ ಅನ್ನಿಸಬಾರದು, ಹೊರಗಿನಿಂದ ನೋಡಿದರೆ ಗುಮ್ಮಟ ಎದ್ದು ಕಾಣಬೇಕು, ಅದಕ್ಕೆ ಈ ಉಪಾಯ. ದೆಹಲಿಯಲ್ಲಿ ಇಂಥ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಮೂರನೆಯದು ಗೋಡೆ. ಗೋರಿಯ ಸುತ್ತ ಚೌಕದ ತೋಟ, ತೋಟದ ಸುತ್ತ ಗೋಡೆ. ಗೋಡೆಯ ಪಶ್ಚಿಮ ಬದಿಯಲ್ಲೇ ಮಿಹ್ರಾಬ್ ಇದೆ. ತೋಟದ ನಡುವೆ ಗೋರಿ ಅನ್ನುವ ಈ ಯೋಚನೆಯೇ ಮುಂದೆ ಮೊಗಲರ ಕೈಯಲ್ಲಿ ದೊಡ್ಡದಾಗಿ ಬೆಳೆದು ಹುಮಾಯೂನ್ ಗೋರಿ, ತಾಜ್‌ಮಹಲ್‌ವರೆಗೆ ಹೋಯಿತು.

ಒಳಗೆ ಇರುವುದು ಒಂದೇ ಗೋರಿ. ಗೋಡೆಯ ಮೇಲೆ ಬಣ್ಣದ ಬಿಲ್ಲೆಗಳ ಕೆಲಸ ಇನ್ನೂ ಸ್ವಲ್ಪ ಉಳಿದಿದೆ. ಕಟ್ಟಿಸಿದ ಮಗ ಇಬ್ರಾಹಿಂ 1526ರ ಏಪ್ರಿಲ್‌ನಲ್ಲಿ ಪಾಣಿಪತ್ ಯುದ್ಧದಲ್ಲಿ ಬಾಬರನ ಎದುರು ಸತ್ತ. ಲೋಧಿಗಳ ಆಳ್ವಿಕೆ ಅಲ್ಲಿಗೆ ಮುಗಿಯಿತು. ಅಪ್ಪನಿಗೆ ಇಷ್ಟು ಚೆಂದದ ಗೋರಿ ಕಟ್ಟಿದವನ ಗೋರಿ ಪಾಣಿಪತ್‌ನಲ್ಲೇ ಇದೆ.

8. ಅಠ್‌ಪುಲಾ

ಸಿಕಂದರ್ ಗೋರಿಯಿಂದ ಪೂರ್ವಕ್ಕೆ ಇಳಿದರೆ ನೀರು, ಬಾತುಕೋಳಿಗಳು, ಅದರ ಮೇಲೆ ಬಿಲ್ಲಿನಂತೆ ಬಾಗಿದ ಕಲ್ಲಿನ ಸೇತುವೆ. ಅಕ್ಬರನ ಕಾಲದ್ದು, ನವಾಬ್ ಬಹಾದುರ್ ಎಂಬುವನು ಕಟ್ಟಿಸಿದ್ದು. ಆಗ ಇಲ್ಲಿ ಯಮುನೆಗೆ ಸೇರುವ ಹಳ್ಳ ಹರಿಯುತ್ತಿತ್ತು. ಅಠ್ ಅಂದರೆ ಎಂಟು. ಮಕ್ಕಳಿಗೆ ಕಮಾನು ಎಣಿಸಲು ಹೇಳಿ. ಏಳೇ ಸಿಗುತ್ತವೆ. ಹಾಗಾದರೆ ಎಂಟು ಯಾವುದು? ಸ್ವಲ್ಪ ಹೊತ್ತು ಯೋಚಿಸಲಿ ಬಿಡಿ. ಎಂಟು ಇರುವುದು ಕಮಾನುಗಳಲ್ಲ, ಅವುಗಳನ್ನು ಹೊತ್ತ ಕಂಬಗಳು.

ಕಾಲು ನೋವು ಇದ್ದವರು ಇಲ್ಲಿ ನೆರಳಲ್ಲಿ ಕೂರಬಹುದು. ಈಗ ನೀವು ನಡೆದು ಬಂದ ಈ ಹಸಿರು ಅಷ್ಟೊಂದು ಹಳೆಯದಲ್ಲ. ಈ ಕಟ್ಟಡಗಳ ಸುತ್ತ ಖೈರ್‌ಪುರ ಅನ್ನುವ ಹಳ್ಳಿ ಇತ್ತು. ಹಳ್ಳಿಯವರನ್ನು ಎಬ್ಬಿಸಿ ಬೇರೆಡೆಗೆ ಕಳಿಸಿ, 1936ರಲ್ಲಿ ವೈಸರಾಯ್‌ನ ಹೆಂಡತಿಯ ಹೆಸರಿನಲ್ಲಿ ಲೇಡಿ ವಿಲಿಂಗ್ಡನ್ ಪಾರ್ಕ್ ಮಾಡಿದರು. ಸ್ವಾತಂತ್ರ್ಯದ ನಂತರ ಲೋಧಿ ಗಾರ್ಡನ್ ಆಯಿತು. 1968ರಲ್ಲಿ ಮತ್ತೆ ಹೊಸದಾಗಿ ರೂಪಿಸಿದರು. ಗುಮ್ಮಟಗಳನ್ನು ನೋಡುವಾಗ ಆ ಹಳ್ಳಿಯೂ ನನಗೆ ನೆನಪಾಗುತ್ತದೆ. ಅದರ ಗುರುತಿಗೆ ಒಂದು ಗುಡಿಸಲಿನ ಗೋಡೆಯೂ ಇಲ್ಲಿ ಉಳಿದಿಲ್ಲ.

9. ಮಾಡಬಾರದ ತಪ್ಪುಗಳು

ಗೋಡೆಯ ಮೇಲೆ ಹೆಸರು ಗೀಚುವುದು. ನಮ್ಮವರೂ ಗೀಚಿದ್ದಾರೆ, ಕನ್ನಡ ಅಕ್ಷರ ಅಲ್ಲಿ ಕಂಡಾಗ ತಲೆ ತಗ್ಗಿಸುವಂತಾಗುತ್ತದೆ. ಕಾನೂನೂ ಸುಮ್ನೆ ಇಲ್ಲ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಮೊಬೈಲಿನಲ್ಲಿ ಫೋಟೊ ತೆಗೆಯಲು ಯಾರೂ ಬೇಡ ಅನ್ನುವುದಿಲ್ಲ. ಸ್ಮಾರಕಗಳ ಬಳಿ ಟ್ರೈಪಾಡ್ ಅಂದರೆ ಮೂರು ಕಾಲಿನ ಸ್ಟ್ಯಾಂಡ್ ಹಾಕಲು ಅನುಮತಿ ಬೇಕು. ಡ್ರೋನ್ ತರಲೇಬೇಡಿ.

ಒಳಗೆ ಹೋಟೆಲ್ ಸಿಗುತ್ತದೆ ಅಂತ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ತಿಂಡಿ ಮುಗಿಸಿಕೊಂಡು ಹೋಗಿ. ಬುತ್ತಿ ತಂದಿದ್ದರೆ ಹುಲ್ಲಿನ ಮೇಲೆ ತಿನ್ನಿ, ಗುಮ್ಮಟದೊಳಗೆ ಬೇಡ. ಕಾಗದ, ಕವರ್ ವಾಪಸ್ ಚೀಲಕ್ಕೆ ಹಾಕಿಕೊಳ್ಳಿ.

ಸಂಜೆ ತಡವಾಗಿ ಶುರು ಮಾಡಬೇಡಿ. ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಐದೂವರೆಗೇ ಸೂರ್ಯ ಮುಳುಗುತ್ತಾನೆ. ಆಮೇಲೆ ಒಳಗಿನ ಕೆಲಸ ಏನೂ ಕಾಣುವುದಿಲ್ಲ. ಹಳೆಯ ಮೆಟ್ಟಿಲುಗಳು ಎತ್ತರ, ಸವೆದಿವೆ. ಅಜ್ಜಿ ತಾತಂದಿರನ್ನು ಹತ್ತಿಸಬೇಡಿ. ಹೊರಗಿನಿಂದ ಸುತ್ತು ಹಾಕಿದರೂ ಅವರಿಗೆ ಬಹಳಷ್ಟು ಕಾಣುತ್ತದೆ.

10. ಹೊರಗೆ ಬರುವುದು

ಅಠ್‌ಪುಲಾದಿಂದ ಬಂದ ದಾರಿಯಲ್ಲೇ ವಾಪಸ್ ಹೋಗಬೇಕಿಲ್ಲ. ಹತ್ತಿರದಲ್ಲೇ ಇನ್ನೊಂದು ಗೇಟ್ ಇದೆ. ಅಲ್ಲಿಂದ ಖಾನ್ ಮಾರ್ಕೆಟ್ ಮೆಟ್ರೋ ಸ್ಟೇಷನ್‌ಗೆ ನಡೆದು ಹೋಗಬಹುದು, ಇಲ್ಲವೇ ಆಟೋ ಹಿಡಿಯಬಹುದು. ಅದು ನೇರಳೆ ಲೈನ್. ಅದೇ ರೈಲಿನಲ್ಲಿ ಕೂತರೆ ಜಾಮಾ ಮಸೀದಿ, ಕೆಂಪುಕೋಟೆ ಎರಡಕ್ಕೂ ನೇರ ಹೋಗಬಹುದು. ಸೋಮವಾರವಾಗಿದ್ದರೆ ಕೋಟೆ ಮುಚ್ಚಿರುತ್ತದೆ, ಜಾಮಾ ಮಸೀದಿ ಸ್ಟೇಷನ್‌ನಲ್ಲೇ ಇಳಿದುಬಿಡಿ.